ದಾಸರ ಪದಗಳೂ ಕೊಡಗಿನ ಆಳುಗಳೂ: ಮೋಗ್ಲಿಂಗರ ಅರ್ಧ ಚರಿತ್ರೆ

ಪ್ರತಿವರ್ಷ ಜುಲೈ 1 ಬಂತೆಂದರೆ ಕರ್ನಾಟಕದ ಉದ್ದಗಲಕ್ಕೂ ಹರ್ಮನ್ ಮೋಗ್ಲಿಂಗರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. 1843ರ ಆ ದಿನ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ ಹೊರಬಂದುದರಿಂದ ಅದು ಕನ್ನಡ ಪತ್ರಿಕಾ ದಿನವಾಗಿದೆ. ಅಂದಿನ ಭಾಷಣಗಳು ಒಂದು ನಿಶ್ಚಿತ ಜಾಡಿನಲ್ಲಿ ಸಾಗುತ್ತವೆ. ಕಲ್ಲಚ್ಚಿನ ಪಾಕ್ಷಿಕ, ಒಂದು ದುಡ್ಡಿನ ಬೆಲೆ, ಕೆಲವೇ ತಿಂಗಳಲ್ಲಿ ಬಳ್ಳಾರಿಗೆ ಹೋದ ಪತ್ರಿಕೆ. ಅನಂತರ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರನ ಧನಸಹಾಯದಿಂದ 1848ರಿಂದ 1853ರವರೆಗೆ ನಡೆದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ಅದರಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು. ಕೊನೆಗೆ ಈ ಸೇವೆಯನ್ನು ಮನ್ನಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಕೊಟ್ಟ ಡಾಕ್ಟರೇಟ್ ಪದವಿ. ಚಪ್ಪಾಳೆ, ವಂದನಾರ್ಪಣೆ.

ಪಠ್ಯಪುಸ್ತಕಗಳೂ ಸಾಹಿತ್ಯ ಚರಿತ್ರೆಗಳೂ ಇಲ್ಲಿಗೇ ನಿಲ್ಲುತ್ತವೆ. ಗ್ರಂಥಮಾಲೆಯ ಕೊನೆಯ ಸಂಪುಟ ಅಚ್ಚಾದ 1853ರಿಂದ ಆ ಪಾದ್ರಿ ಭಾರತವನ್ನು ಬಿಟ್ಟುಹೋದ 1860ರವರೆಗೆ ಏಳು ವರ್ಷಗಳಿವೆ. ಆ ಏಳು ವರ್ಷಗಳಿಗೆ ಸಿಗುವುದು “ಬಳಿಕ ಕೊಡಗಿನಲ್ಲಿ ಧರ್ಮಪ್ರಚಾರ ಕೈಗೊಂಡರು” ಎಂಬ ಒಂದು ವಾಕ್ಯ. ಎಷ್ಟೋ ಪುಸ್ತಕಗಳಲ್ಲಿ ಅದೂ ಇಲ್ಲ. ಈ ಮೌನವನ್ನು ಸ್ಥಳಾಭಾವದ ಫಲವೆಂದು ತಳ್ಳಿಹಾಕಲಾಗದು. ಕೊಡಗಿನ ಅಧ್ಯಾಯವನ್ನು ತೆರೆದರೆ, ಕನ್ನಡ ನೆಲದಲ್ಲಿ ಮನುಷ್ಯರು ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದರೆಂಬ ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಳ್ಳಲು ಮನಸ್ಸಿಲ್ಲದ ಸಾಹಿತ್ಯ ಚರಿತ್ರೆಯು ಮೋಗ್ಲಿಂಗರ ಬದುಕನ್ನೇ ಎರಡಾಗಿ ಸೀಳಿ, ತನಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡಿದೆ.

“ಗುಲಾಮಗಿರಿ ನಮ್ಮಲ್ಲಿ ಇರಲಿಲ್ಲ, ಅದು ಅಮೆರಿಕದ ಹತ್ತಿ ಹೊಲಗಳ ಪಾಪ” ಎಂಬುದು ವಿದ್ವತ್ಸಭೆಗಳಲ್ಲಿ ಇಂದಿಗೂ ಕೇಳಿಬರುವ ಮಾತು. ಸ್ವಲ್ಪ ಓದಿಕೊಂಡವರು ಅದನ್ನು ತಿದ್ದಿ, “ಇದ್ದರೂ ಅದು ಮನೆಮಗನಂತಹ ಆಳು, ಯಜಮಾನನೇ ತಂದೆ” ಎನ್ನುತ್ತಾರೆ. ಟಿಪ್ಪುವಿನ ಪತನದ ಮರುವರ್ಷ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನ ಪ್ರವಾಸ ವರದಿಯು ಈ ಎರಡು ಮಾತುಗಳನ್ನೂ ಉಳಿಯಗೊಡುವುದಿಲ್ಲ. ತುಳುನಾಡಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಆಳುಗಳನ್ನು ಅವನು ಕಂಡು ಬರೆದಿದ್ದಾನೆ. ಒಂದು ಭೂಮಿಗೆ ತಲೆತಲಾಂತರದಿಂದ ಅಂಟಿಕೊಂಡವರಿಗೆ ಕರಾವಳಿಯಲ್ಲಿ ‘ಮೂಲದ ಆಳು’ ಎಂಬ ಹೆಸರೇ ಇತ್ತು. ಕೊಡಗಿನ ವ್ಯವಸ್ಥೆಯಂತೂ ಇನ್ನಷ್ಟು ಸ್ಪಷ್ಟವಾದುದು. 1817ರಲ್ಲಿ ಕೊಡಗನ್ನು ಅಳೆದು ವರದಿ ಬರೆದ ಲೆಫ್ಟಿನೆಂಟ್ ಕಾನರ್ ಅಲ್ಲಿನ ಆಳುಗಳಲ್ಲಿ ಎರಡು ಬಗೆಯನ್ನು ಗುರುತಿಸುತ್ತಾನೆ. ಜಮ್ಮಾ ಭೂಮಿಯೊಂದಿಗೆ ಕಟ್ಟುಬಿದ್ದು, ಆ ಭೂಮಿಯಿಂದ ಕದಲಿಸಲಾಗದವರು ‘ಭೂಮಿ ಜಮ್ಮದ ಆಳು’ಗಳು. ಒಕ್ಕಲಿಗೆ, ಎಂದರೆ ಮನೆತನಕ್ಕೆ ಸೇರಿದ ಚರ ಸ್ವತ್ತು ‘ಒಕ್ಕಲು ಜಮ್ಮದ ಆಳು’ಗಳು, ಇವರನ್ನು ಮಾರಬಹುದಾಗಿತ್ತು. ಮಾರಲಾಗದ ಮನುಷ್ಯ, ಮಾರಬಹುದಾದ ಮನುಷ್ಯ ಎಂಬ ವಿಂಗಡಣೆಗೆ ಒಂದು ಸಮಾಜವು ಹೆಸರಿಟ್ಟು ನಡೆದುಕೊಂಡ ಮೇಲೆ, ಆ ಸಂಬಂಧವನ್ನು ತಂದೆ ಮಕ್ಕಳ ಸಂಬಂಧಕ್ಕೆ ಹೋಲಿಸುವುದು ಅಲಂಕಾರಶಾಸ್ತ್ರದ ದೃಷ್ಟಿಯಿಂದಲೂ ದೋಷವೇ ಸರಿ.

ಇದರಲ್ಲಿ ಯಾವ ಮತವೂ ಇನ್ನೊಂದರ ಕಡೆಗೆ ಬೆರಳು ತೋರುವಂತಿಲ್ಲ. ಜೈನರ ಶ್ರಾವಕಾಚಾರವನ್ನೇ ನೋಡಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯಗಳ ಸಾಲಿನಲ್ಲಿಯೇ ದಾಸಿಯನ್ನೂ ದಾಸನನ್ನೂ ಎಣಿಸುತ್ತದೆ. ಗೃಹಸ್ಥನು ತಾನು ಗೊತ್ತುಪಡಿಸಿಕೊಂಡ ಮಿತಿಯನ್ನು ಮೀರಿ ಇವುಗಳನ್ನು ಕೂಡಿಡಬಾರದೆಂಬುದು ಅಲ್ಲಿನ ವಿಧಿ. ಅಪರಿಗ್ರಹದ ಹೆಸರಿನಲ್ಲಿ ಆಸೆಗೆ ಕಡಿವಾಣ ಹಾಕಿದ ಆ ಮಹಾಗ್ರಂಥವು ಮನುಷ್ಯನನ್ನು ಆಸ್ತಿಯ ಪಟ್ಟಿಯಿಂದ ಹೊರಗೆ ತೆಗೆಯಲಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರು ಈ ಸೂತ್ರವನ್ನು ವ್ಯಾಖ್ಯಾನಿಸುವಾಗ ‘ದಾಸೀದಾಸ’ ಎಂಬ ಪದವನ್ನು ‘ಮನೆಗೆಲಸದವರು’ ಎಂದು ಮೆತ್ತಗೆ ಅನುವಾದಿಸಿ ಮುಂದೆ ಹೋಗುವುದುಂಟು. ಈ ಮೆತ್ತನೆಯ ಅನುವಾದವೂ ಕೊಡಗಿನ ಬಗೆಗಿನ ಮೌನವೂ ಒಂದೇ ಬೇರಿನಿಂದ ಚಿಗುರಿದವು.

ಮೋಗ್ಲಿಂಗರ ಕಾಲದ ಕಾನೂನಿನ ಸ್ಥಿತಿಯನ್ನು ತಿಳಿಯದೆ ಅವರು ಮಾಡಿದ್ದೇನೆಂಬುದನ್ನು ತೂಗಲಾಗದು. ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನವನ್ನು 1833ರಲ್ಲಿ ಒಪ್ಪಿತು. ಅದು ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಅದೇ ಶಾಸನದ ಒಂದು ಕಲಮು ಹೊರಗಿಟ್ಟಿತು. ಆ 1834ರಲ್ಲಿಯೇ, ಮೇ ತಿಂಗಳಲ್ಲಿ, ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ ಸರ್ಕಾರ ಕೊಡಗನ್ನು ತನ್ನದಾಗಿಸಿಕೊಂಡಿತು. ಮಾಸ್ತಿಯವರ ಕಾದಂಬರಿಯ ದೆಸೆಯಿಂದ ಆ ಅರಸನ ಪತನ ಕನ್ನಡಿಗರಿಗೆಲ್ಲ ಪರಿಚಿತ. ಜಮೈಕಾದ ಗುಲಾಮನ ಬಿಡುಗಡೆಗೆ ಗಂಟೆ ಬಾರಿಸಿದ ಸರ್ಕಾರವೇ ಮೂರು ತಿಂಗಳ ಹಿಂದೆ ಮಡಿಕೇರಿಯಲ್ಲಿ ಆಳುಗಳ ಒಡೆತನವನ್ನು ಮುಟ್ಟದೆ ಬಿಟ್ಟಿತ್ತೆಂಬುದು ಪರಿಚಿತವಲ್ಲ. ಮುಂದೆ 1837ರಲ್ಲಿ ಅಮರಸುಳ್ಯದ ದಂಗೆ ಎದ್ದಾಗ ಕೊಡಗಿನ ಭೂಮಾಲೀಕರ ನಿಷ್ಠೆ ಸರ್ಕಾರಕ್ಕೆ ಎಷ್ಟು ಅವಶ್ಯವೆಂಬುದು ಖಚಿತವಾಯಿತು. ಅವರ ಅಸಮಾಧಾನಕ್ಕೆ ಎಡೆಕೊಡುವ ಸುಧಾರಣೆಗೆ ಅಲ್ಲಿ ಅವಸರವಿರಲಿಲ್ಲ.

ಕಂಪನಿಯ ಭಾರತಕ್ಕೆ ಕಾನೂನು ಬಂದದ್ದು 1843ರ ಏಪ್ರಿಲಿನಲ್ಲಿ. ಆ ವರ್ಷದ ಐದನೆಯ ಕಾಯಿದೆಯಾಗಿ. ‘ಮಂಗಳೂರ ಸಮಾಚಾರ’ ಹುಟ್ಟಿದ ವರ್ಷವೂ ಅದೇ. ಆ ಕಾಯಿದೆ ಮಾಡಿದ್ದು ಬಹಳ ಸೀಮಿತವಾದ ಕೆಲಸ. ಸರ್ಕಾರಿ ಅಧಿಕಾರಿಗಳು ಬಾಕಿಗಾಗಿ ಆಳುಗಳನ್ನು ಹರಾಜು ಹಾಕಬಾರದು. ಯಾರನ್ನಾದರೂ ತನ್ನ ದಾಸನೆಂದು ಹೇಳಿಕೊಂಡು ಬಂದ ಒಡೆಯನ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಬಾರದು. ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವ ಕೃತ್ಯ ದಾಸನಿಗೆ ಮಾಡಿದರೂ ಅಪರಾಧವೇ. ದಾಸರನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ಅದು ಹೇಳಲಿಲ್ಲ. ಆ ಮಾತಿಗಾಗಿ 1860ರ ದಂಡಸಂಹಿತೆ ಬರಬೇಕಾಯಿತು; ಅದು ಜಾರಿಯಾದದ್ದು 1862ರಲ್ಲಿ, ಮೋಗ್ಲಿಂಗರು ಹಿಂದಿರುಗಿದ ಮೇಲೆ. ಒಟ್ಟಿನಲ್ಲಿ 1850ರ ದಶಕದ ಕೊಡಗಿನ ಆಳು ಕಾನೂನಿನ ಕಣ್ಣಿನಲ್ಲಿ ಅರ್ಧ ಬಿಡುಗಡೆಯಾದವನು. ಅವನು ಓಡಿಹೋದರೆ ನ್ಯಾಯಾಲಯ ಹಿಡಿದು ಒಪ್ಪಿಸುವುದಿಲ್ಲ. ಆದರೆ ಓಡಿ ಎಲ್ಲಿಗೆ ಹೋಗಬೇಕು? ಗುಡಿಸಲು ಒಡೆಯನ ನೆಲದಲ್ಲಿದೆ. ಮಳೆಗಾಲದ ಬತ್ತ ಒಡೆಯನ ಕಣಜದಿಂದ ಬರಬೇಕು. ಹೆಣ ಹೂಳುವ ನೆಲವೂ ಅವನದೇ. ನೆರೆಯ ಊರಿನ ಇನ್ನೊಬ್ಬ ಒಡೆಯ ಆಶ್ರಯ ಕೊಡಲಾರ. ಕೊಟ್ಟರೆ ನಾಳೆ ತನ್ನ ಆಳೂ ಎದ್ದುಹೋದಾನು. ಕಲ್ಕತ್ತೆಯ ಕಾಯಿದೆ ಬಿಡಿಸಲಾರದ ಗಂಟು ಇದು. ಬೇಕಾದದ್ದು ಒಡೆಯನದಲ್ಲದ ಒಂದು ತುಂಡು ನೆಲ, ಮೊದಲ ಬೆಳೆ ಬರುವವರೆಗಿನ ಅನ್ನ, ಅಟ್ಟಿಸಿಕೊಂಡು ಬಂದವರೆದುರು ನಿಲ್ಲಬಲ್ಲ ಒಬ್ಬ ಮನುಷ್ಯ.

ಆ ಮನುಷ್ಯ ಎಂತಹವರಾಗಿದ್ದರು? 1811ರಲ್ಲಿ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಮೂವತ್ತಾರರಷ್ಟು ಕೃತಿಗಳನ್ನು ಹೊರತಂದ ದುಡಿಮೆಗಾರರು. ಬಂಗಲೆಯ ಬದುಕಿಗಿಂತ ವಿದ್ಯಾರ್ಥಿಗಳ ನಡುವೆ, ಈ ನೆಲದ ಊಟ ಉಡಿಗೆಯೊಡನೆ ಬಾಳುವುದೇ ಬೋಧಕನಿಗೆ ತಕ್ಕದ್ದೆಂದು ನಂಬಿದವರು. ಸುತ್ತಲಿನವರನ್ನು ಸೆಳೆದುಕೊಳ್ಳುವ ಶಕ್ತಿ ಅವರಲ್ಲಿತ್ತು. 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ತನ್ನ ಹೆಸರಿನ ಮುಂದೆ ‘ಹರ್ಮನ್’ ಎಂಬ ಗುರುವಿನ ಹೆಸರನ್ನೇ ಇಟ್ಟುಕೊಂಡನು. ಮಲಯಾಳದ ನಿಘಂಟುಕಾರ ಹರ್ಮನ್ ಗುಂಡರ್ಟ್ ತನ್ನ ಈ ಗೆಳೆಯ ತೀರಿಕೊಂಡ ಮರುವರ್ಷವೇ, 1882ರಲ್ಲಿ, ಅವರ ಜೀವನಚರಿತ್ರೆಯನ್ನು ಬರೆದು ಮುಗಿಸಿದನು.

ಸೆಳೆತವಿದ್ದಲ್ಲಿ ವಿವಾದವೂ ಇತ್ತು. ಕೌಂಡಿನ್ಯನೂ ಸೇರಿ ಮೂವರು ಬ್ರಾಹ್ಮಣ ತರುಣರ ಮತಾಂತರದಿಂದ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಕ್ಕಳನ್ನು ಕಳೆದುಕೊಂಡೆವೆಂದು ಗೋಳಾಡಿದ ತಂದೆತಾಯಿಗಳ ದುಃಖ ನಿಜವಾದದ್ದೇ; ಅದನ್ನು ಅಲ್ಲಗಳೆಯುವ ಯಾವ ಚರಿತ್ರೆಯೂ ಪ್ರಾಮಾಣಿಕವಲ್ಲ. ಇತ್ತ ಬಾಸೆಲ್‌ನ ಹಿರಿಯರಿಗೂ ಅವರು ಸುಲಭದ ಕೆಲಸಗಾರರಾಗಿರಲಿಲ್ಲ. ಶಿಸ್ತನ್ನೇ ಉಸಿರಾಗಿಸಿಕೊಂಡಿದ್ದ ಮೇಲಧಿಕಾರಿಗಳೊಂದಿಗೆ ಸಂಬಂಧ ಹದಗೆಟ್ಟು, ಕೊಡಗಿನ ಕಾರ್ಯವನ್ನು ಅವರು ಆರಂಭಿಸಿದ್ದು ಹೆಚ್ಚುಕಡಿಮೆ ತಮ್ಮದೇ ಹೊಣೆಯಲ್ಲಿ. ಊರಿನವರಿಗೆ ಮತಾಂತರಿ, ಮಿಷನ್ನಿಗೆ ಅವಿಧೇಯ, ವಿದ್ವಾಂಸರಿಗೆ ಪ್ರಿಯ ಎಂಬ ಸ್ಥಿತಿ ಅವರದು.

ಕೊಡಗಿಗೆ ಅವರು ಹೋದದ್ದು ಆಳುಗಳ ಬಿಡುಗಡೆಗಾಗಿ ಅಲ್ಲ. ಮೋಗ್ಲಿಂಗರನ್ನು ‘ಕೊಡಗಿನ ವಿಲ್ಬರ್‌ಫೋರ್ಸ್’ ಎಂದು ಮೆರೆಸಬಯಸುವವರೂ ಇದ್ದಾರೆ; ಈ ಸಂಗತಿ ಅವರಿಗೆ ಹಿತವೆನಿಸದು. ಅಲ್ಮಂಡ ಮನೆತನದ ಸೋಮಯ್ಯನೆಂಬ ಕೊಡವನು ಮಂಗಳೂರಿಗೆ ಬಂದು ಕ್ರೈಸ್ತನಾದನು; ಅವನ ಬೆನ್ನಿಗೆ 1853ರಲ್ಲಿ ಪಾದ್ರಿಯೂ ಕೊಡಗನ್ನು ಹೊಕ್ಕರು. ಕುಲದಿಂದ ಹೊರಬಿದ್ದವನಿಗೆ ಮನೆತನದ ಭೂಮಿಯಲ್ಲಿ ಹಕ್ಕುಂಟೇ ಎಂಬ ವ್ಯಾಜ್ಯ ಎದ್ದಿತು. ಮತ ಬಿಟ್ಟವನ ಆಸ್ತಿಹಕ್ಕು ಹೋಗದೆಂಬ 1850ರ ಕಾಯಿದೆ ಆಗತಾನೆ ಬಂದಿದ್ದ ಕಾಲವದು. ಒಬ್ಬ ಕೊಡವನ ಹಿಂದೆ ಕೊಡವ ಕುಲವೇ ಬಂದೀತೆಂಬುದು ಪಾದ್ರಿಯ ಎಣಿಕೆ. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ‘ಕೂರ್ಗ್ ಮೆಮ್ವಾರ್ಸ್’ ಗ್ರಂಥದ ಕಣ್ಣೆಲ್ಲ ಕೊಡಗಿನ ಅರಸರ ಮೇಲೆ, ಕೊಡವರ ಮೇಲೆ. ಗಂಭೀರ ನಡೆಯ, ಶಸ್ತ್ರಧಾರಿಗಳಾದ ಆ ಜನರನ್ನು ಗೆಲ್ಲುವ ಕನಸು ಆ ಕಾಲದ ಯಾವ ಪಾದ್ರಿಗೂ ಸಹಜವಾದುದೇ.

ಕೊಡವರು ಬರಲಿಲ್ಲ. ಬಂದವರು ಅವರ ಆಳುಗಳು. ದಾಖಲೆಗಳು ‘ಹೊಲೆಯ’ರೆಂದು ಕರೆಯುವ ಆ ಸಮುದಾಯದ ಕುಟುಂಬಗಳು 1850ರ ದಶಕದ ಉತ್ತರಾರ್ಧದಲ್ಲಿ ಪಾದ್ರಿಯ ಬಳಿಗೆ ನಡೆದುಬಂದವು. ಒಡೆಯರ ಪ್ರತಿರೋಧವನ್ನು ಎದುರಿಸಿ ಬಂದವರಿಗಾಗಿ ಸಿದ್ದಾಪುರದ ಕಡೆಯ ಕಾಡಂಚಿನಲ್ಲಿ ಆನಂದಪುರವೆಂಬ ಹೊಸ ಊರು ಹುಟ್ಟಿತು. ಅಲ್ಲಿ ಗುಡಿಸಲಿನ ನೆಲ ಒಡೆಯನದಲ್ಲ. ಅಲ್ಲಿ ಬೆಳಿಗ್ಗೆ ಏಳದಿದ್ದರೆ ಬಾಗಿಲಿಗೆ ಬಂದು ಕೂಗುವವರಿಲ್ಲ.

ಈ ಪ್ರಸಂಗದ ಕರ್ತೃಪದವನ್ನು ಎಚ್ಚರದಿಂದ ಆರಿಸಬೇಕು. ಮೋಗ್ಲಿಂಗರು ಆಳುಗಳನ್ನು ಬಿಡಿಸಿದರೆಂದು ಬರೆಯುವುದು ವ್ಯಾಕರಣಕ್ಕೆ ಸರಿ, ಚರಿತ್ರೆಗೆ ತಪ್ಪು. ಆಳುಗಳು ಹೊರಟರು, ಪಾದ್ರಿ ಬಾಗಿಲು ಮುಚ್ಚಲಿಲ್ಲ. ಬಾಗಿಲು ಮುಚ್ಚದಿರುವುದಕ್ಕೆ ಅವರು ತೆತ್ತ ಬೆಲೆಯೂ ಚಿಕ್ಕದಲ್ಲ: ಆಳುಗಳೊಡನೆ ಉಂಡವರ ಕಡೆಗೆ ಕೊಡವರು ಒಲಿಯುವ ಸಂಭವ ಮುಗಿದೇಹೋಯಿತು. ಕುಲವನ್ನು ಗೆಲ್ಲಲು ಬಂದ ಮನುಷ್ಯ ಕುಲಹೀನರೆನಿಸಿಕೊಂಡವರ ಪಕ್ಕ ನಿಂತದ್ದು ಯೋಜನೆಯ ಫಲವಲ್ಲದಿದ್ದರೂ ಆಯ್ಕೆಯ ಫಲವಂತೂ ಹೌದು.

“ಇದೆಲ್ಲ ಮತಾಂತರದ ತಂತ್ರ” ಎಂಬ ಆಕ್ಷೇಪಣೆಗೆ ಇಲ್ಲಿ ಉತ್ತರ ಕೊಡಬೇಕು. ಉದ್ದೇಶ ಮತಾಂತರವೇ ಆಗಿತ್ತು. ಮೋಗ್ಲಿಂಗರು ಅದನ್ನು ಎಂದೂ ಮುಚ್ಚಿಡಲಿಲ್ಲ. ಮುಚ್ಚಿಟ್ಟು ಅವರನ್ನು ಕನ್ನಡದ ನಿಸ್ವಾರ್ಥ ಸೇವಕನನ್ನಾಗಿ ಮಾಡಿದವರು ಜುಲೈ 1ರ ಭಾಷಣಕಾರರು. ಆದರೆ ಆಕ್ಷೇಪಿಸುವವರು ಆಳುಗಳ ಮುಂದೆ ಆಗ ಇದ್ದ ಇತರ ದಾರಿಗಳನ್ನು ಹೆಸರಿಸಬೇಕಲ್ಲವೇ? ಯಾವ ಮಠ, ಯಾವ ಬಸದಿ, ಯಾವ ದೇವಸ್ಥಾನ ಅವರಿಗೆ ಬಾಗಿಲು ತೆರೆದಿತ್ತು? ತಿರುವಾಂಕೂರಿನಲ್ಲಿಯೂ ನಡೆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿನ ಮಿಷನರಿಗಳು 1847ರಲ್ಲಿ ಮಹಾರಾಜರಿಗೆ ಮನವಿ ಸಲ್ಲಿಸಿದರು. ಘೋಷಣೆಗಳು ಹೊರಟದ್ದು 1853ರಲ್ಲಿ ಮತ್ತು 1855ರಲ್ಲಿ. ಅವರ ಉದ್ದೇಶವೂ ಮತಪ್ರಚಾರವೇ. ಉದ್ದೇಶದ ಶುದ್ಧಿಯನ್ನು ಅಳೆಯುತ್ತ ಕುಳಿತವರು, ಅದೇ ಹೊತ್ತಿಗೆ ಕುತ್ತಿಗೆಯ ಮೇಲಿನ ನೊಗ ಇಳಿಯಿತೋ ಇಲ್ಲವೋ ಎಂಬುದನ್ನು ನೋಡುವುದನ್ನೇ ಮರೆಯುತ್ತಾರೆ. ಇನ್ನೊಂದು ಮಾತೂ ಇದೆ. 1844ರಲ್ಲಿ ಮತಾಂತರದಿಂದ ತತ್ತರಿಸಿದ ಮಂಗಳೂರಿನ ಸಾರಸ್ವತ ಸಮಾಜದಿಂದಲೇ ಕುದ್ಮುಲ್ ರಂಗರಾಯರು ಬಂದು, 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದರ ಹೆಸರಿನಲ್ಲಿಯೂ ‘ಮಿಷನ್’ ಇರುವುದು ಆಕಸ್ಮಿಕವಲ್ಲ. ನೆರೆಮನೆಯ ದೀಪ ಕಂಡ ಮೇಲೆ ತಮ್ಮ ಮನೆಯಲ್ಲೂ ದೀಪ ಹಚ್ಚುವುದು ಅವಮಾನವಲ್ಲ. ಆದರೆ ಐವತ್ತಮೂರು ವರ್ಷಗಳ ಅಂತರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಪಾದ್ರಿಗಳೆಲ್ಲರೂ ದಾಸ್ಯದ ವೈರಿಗಳೆಂದು ಇದರಿಂದ ಸಿದ್ಧವಾಗುವುದಿಲ್ಲ. 1837ರಿಂದ ಗುಬ್ಬಿಯಲ್ಲಿ, ಆಮೇಲೆ ತುಮಕೂರಿನಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನ ಉದಾಹರಣೆ ಈ ಸೀಮೆಯ ಓದುಗರಿಗೆ ಹತ್ತಿರದ್ದು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1774ರಷ್ಟು ಹಿಂದೆಯೇ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆ ಬರೆದವನು. 1791ರಲ್ಲಿ ಮರಣಶಯ್ಯೆಯಿಂದ ವಿಲ್ಬರ್‌ಫೋರ್ಸನಿಗೆ ಕಾಗದ ಬರೆದು ಹುರಿದುಂಬಿಸಿದವನು. ಆದರೂ ಗುಬ್ಬಿಯ ಪಾದ್ರಿಗಳನ್ನು ಈ ಭಾಗದ ಜನ ನೆನೆಯುವುದು ಶಾಲೆಗಾಗಿ, ಚರ್ಚಿಗಾಗಿ. ಇಲ್ಲಿನ ಜೀತದ ಆಳುಗಳಿಗಾಗಿ ಅಲ್ಲ. ಗುರುವಿನ ಸಿದ್ಧಾಂತವು ಅಟ್ಲಾಂಟಿಕ್ ಸಾಗರದ ಹಡಗುಗಳನ್ನು ಕಂಡಿತ್ತು. ಜೋಳದ ಹೊಲದಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುವ ಮನುಷ್ಯನನ್ನು ಕಾಣಲು ಬೇರೆ ಕಣ್ಣೇ ಬೇಕಾಗಿತ್ತು. ಸಿದ್ಧಾಂತವಿಲ್ಲದ ಮೋಗ್ಲಿಂಗರಿಗೆ ಆ ಕಣ್ಣು ದೊರೆತದ್ದು, ಆಳುಗಳು ಅವರೆದುರಿಗೇ ಬಂದು ನಿಂತದ್ದರಿಂದ.

ಇಲ್ಲಿಗೆ ಕಥೆ ಮುಗಿದಿದ್ದರೆ ಪಾದ್ರಿಯ ಪ್ರಶಸ್ತಿ ಬರೆದು ಸುಮ್ಮನಾಗಬಹುದಿತ್ತು. ಆದರೆ ಅದೇ ದಶಕದಲ್ಲಿ ಕೊಡಗಿಗೆ ಕಾಫಿ ಬಂದಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ಹಾಕಿದ ಮೇಲೆ ಬಿಳಿಯ ಪ್ಲಾಂಟರುಗಳ ಸಾಲೇ ಬಂದಿಳಿಯಿತು. ತೋಟಕ್ಕೆ ಬೇಕಾದದ್ದು ಕೈ. ಒಡೆಯನನ್ನು ಬಿಟ್ಟುಬಂದ ಆಳು ತೋಟದ ಕೂಲಿಯಾದನು. ಆನಂದಪುರದಲ್ಲಿಯೂ ಬದುಕಿಗೆ ಆಧಾರವಾದದ್ದು ಕಾಫಿಯೇ. ಕೂಲಿ ಎಂದರೆ ಸ್ವತಂತ್ರನೆಂದು ತಿಳಿದವರು 1859ರ ಹದಿಮೂರನೆಯ ಕಾಯಿದೆಯನ್ನು ಓದಬೇಕು. ಮುಂಗಡ ಪಡೆದು ಕೆಲಸ ಬಿಟ್ಟುಹೋದವನನ್ನು ಸೆರೆಗೆ ಕಳಿಸುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟನಿಗೆ ಕೊಟ್ಟಿತು. ದಾಸನನ್ನು ಹಿಡಿದೊಪ್ಪಿಸುವುದಿಲ್ಲವೆಂದು 1843ರಲ್ಲಿ ಕೈ ತೊಳೆದುಕೊಂಡ ಸರ್ಕಾರ, ಹದಿನಾರು ವರ್ಷಗಳಲ್ಲಿ ಸಾಲಗಾರ ಕೂಲಿಯನ್ನು ಹಿಡಿದೊಪ್ಪಿಸಲು ಕೈ ಚಾಚಿತು. ಹಳೆಯ ಒಡೆಯನ ಕಣಜದ ಬತ್ತದ ಜಾಗಕ್ಕೆ ಹೊಸ ಒಡೆಯನ ಮುಂಗಡ ಬಂದಿತು, ಅಷ್ಟೇ. ಈ ಎರಡನೆಯ ಕಟ್ಟನ್ನು ಬಿಚ್ಚುವ ಶಕ್ತಿ ಮಿಷನ್ನಿಗಿರಲಿಲ್ಲ. ಕಾಫಿಯ ಆರ್ಥಿಕತೆಯೊಳಗೇ ಅದು ತನ್ನ ಜನರ ಬದುಕನ್ನು ಕಟ್ಟಿತ್ತು. ಮೋಗ್ಲಿಂಗರು ಅಷ್ಟರಲ್ಲಿ ಊರು ಬಿಟ್ಟಿದ್ದರು. 1860ರಲ್ಲಿ ಯುರೋಪಿಗೆ ಮರಳಿದವರು ಮತ್ತೆ ಬರಲಿಲ್ಲ. 1881ರಲ್ಲಿ ಎಸ್‌ಲಿಂಗೆನ್ನಿನಲ್ಲಿ ತೀರಿಕೊಂಡರು. ಆಳುಗಳೊಡನೆ ಅವರು ಕಳೆದದ್ದು ಕೆಲವೇ ವರ್ಷ. ವಿಮೋಚಕರ ಪಟ್ಟಿಯಲ್ಲಿ ಅವರನ್ನು ಸೇರಿಸುವವರು ಈ ಅಳತೆಯನ್ನು ಮುಚ್ಚಿಡಬಾರದು.

ಹಾಗಾದರೆ ಸಾಹಿತ್ಯದ ವಿದ್ಯಾರ್ಥಿಗೆ ಈ ಅಧ್ಯಾಯದಿಂದ ಆಗಬೇಕಾದುದೇನು? 1850ರಲ್ಲಿ ಮಂಗಳೂರಿನಲ್ಲಿ ‘ದಾಸರ ಪದಗಳು’ ಅಚ್ಚಾದಾಗ ಹರಿದಾಸರ ಹಾಡುಗಳ ಒಂದು ಸಂಗ್ರಹ ಮೊದಲ ಬಾರಿಗೆ ಮುದ್ರಣದ ಬೆಳಕನ್ನು ಕಂಡಿತು. ಅವುಗಳಲ್ಲಿ ಕೆಲವನ್ನು ಮೋಗ್ಲಿಂಗರು ಜರ್ಮನ್ ಭಾಷೆಗೂ ಅನುವಾದಿಸಿದರು. (ಪಂಪ ರನ್ನರಿಗೆ ಆ ಗ್ರಂಥಮಾಲೆಯಲ್ಲಿ ಸ್ಥಾನವಿರಲಿಲ್ಲ. ಪಂಪಭಾರತ ಅಚ್ಚಾಗಲು 1898ರವರೆಗೆ, ರೈಸ್ ಸಾಹೇಬರವರೆಗೆ ಕಾಯಬೇಕಾಯಿತು. ಆ ಕೊರಗು ಬೇರೆ, ಇಲ್ಲಿ ಅಪ್ರಸ್ತುತ.) ಆ ಹಾಡುಗಳಲ್ಲಿ ದಾಸನೆಂದರೆ ಹರಿಯ ದಾಸ. ಸಿರಿವಂತನಾಗಿದ್ದವನು ಎಲ್ಲವನ್ನೂ ಬಿಟ್ಟು ತಾನಾಗಿ ಒಪ್ಪಿಕೊಂಡ ಪದವಿ ಅದು. ಶರಣರಲ್ಲಿಯೂ ಹಾಗೆಯೇ. ಬಸವಣ್ಣನವರು ತಮ್ಮ ಹುಟ್ಟನ್ನು ಶಿವಭಕ್ತರ ಮನೆಯ ದಾಸ ದಾಸಿಯರ ಮಕ್ಕಳಿಗೆ ಒಪ್ಪಿಸಿ ಹೇಳಿದಾಗ ಅದು ಕುಲದ ಅಹಂಕಾರವನ್ನು ಕೊಂದುಕೊಳ್ಳುವ ಮಹತ್ತರವಾದ ಮಾತು. ಕನ್ನಡದ ಭಕ್ತಿಸಾಹಿತ್ಯದ ಉದ್ದಕ್ಕೂ ದಾಸ, ತೊತ್ತು, ಬಂಟ, ಆಳು ಎಂಬ ಪದಗಳು ದೈನ್ಯದ ರೂಪಕಗಳಾಗಿ ಹೊಳೆಯುತ್ತವೆ. ರೂಪಕ ಹೊಳೆಯಬೇಕಾದರೆ ಅದರ ವಾಚ್ಯಾರ್ಥ ಕೇಳುವವರಿಗೆ ಗೊತ್ತಿರಬೇಕು. ತೊತ್ತೆಂದರೆ ಯಾರು, ಅವಳ ಮಗನ ಸ್ಥಿತಿ ಏನು ಎಂಬುದು ಕಣ್ಣೆದುರಿಗೆ ಇದ್ದ ಸಮಾಜದಲ್ಲಿ ಮಾತ್ರ ಆ ಮಾತಿಗೆ ಕಸುವುಂಟು. ವ್ಯಾಖ್ಯಾನಕಾರರು ವ್ಯಂಗ್ಯಾರ್ಥವನ್ನು ಸವಿದು ವಾಚ್ಯಾರ್ಥವನ್ನು ಉಗಿದಿದ್ದಾರೆ. ದೈನ್ಯವನ್ನು ಆರಿಸಿಕೊಂಡವನ ಹಾಡು ಪಠ್ಯವಾಯಿತು. ದೈನ್ಯದಲ್ಲಿ ಹುಟ್ಟಿದವನ ಬದುಕು ಅಡಿಟಿಪ್ಪಣಿಯೂ ಆಗಲಿಲ್ಲ.

ಮೋಗ್ಲಿಂಗರ ಬದುಕಿನ ಎರಡು ಅರ್ಧಗಳನ್ನು ಜೋಡಿಸಿ ಓದಿದಾಗ ಈ ಬಿರುಕು ಎದ್ದು ಕಾಣುತ್ತದೆ. ಹರಿಯ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಇಳಿಸಿದ ಮನುಷ್ಯನೇ ಐದಾರು ವರ್ಷಗಳ ಬಳಿಕ ಭೂಮಿಯ ದಾಸರೆದುರು ನಿಂತಿದ್ದರು. ಮೊದಲನೆಯ ಕೆಲಸಕ್ಕೆ ಡಾಕ್ಟರೇಟ್ ಬಂದಿತು. ಎರಡನೆಯದು ಯಾವ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ‘ಆಳು’ ಎಂಬ ಶಬ್ದವನ್ನೇ ನೋಡಬಹುದು: ಕ್ರಿಯಾಪದವಾದರೆ ಅದು ಅರಸನದು, ನಾಮಪದವಾದರೆ ಸೇವಕನದು. ನಿಘಂಟಿನಲ್ಲಿ ಎರಡೂ ಒಂದರ ಕೆಳಗೊಂದು ನಿಲ್ಲುತ್ತವೆ. ಸಾಹಿತ್ಯ ಚರಿತ್ರೆಯಲ್ಲಿ ಕ್ರಿಯಾಪದಕ್ಕೆ ಸಂಪುಟಗಳಿವೆ, ನಾಮಪದಕ್ಕೆ ಪುಟವಿಲ್ಲ. ಪಾದ್ರಿಗೆ, ಕವಿಗೆ, ನಿಘಂಟುಕಾರನಿಗೆ ಬಹುವಚನದ ಗೌರವ ಸಲ್ಲಿಸುವ ವಿದ್ವಾಂಸರು ಆಳಿನ ಪ್ರಸ್ತಾಪ ಬಂದೊಡನೆ ಏಕವಚನಕ್ಕೆ ಇಳಿಯುವುದನ್ನು ಯಾವ ಪ್ರೌಢಪ್ರಬಂಧದಲ್ಲಿಯಾದರೂ ಕಾಣಬಹುದು.

ಸಂಶೋಧನೆಗೆ ವಸ್ತುವಿಲ್ಲವೆಂಬ ನೆಪ ನಿಲ್ಲುವುದಿಲ್ಲ. ಮೋಗ್ಲಿಂಗರ 1855ರ ಗ್ರಂಥವಿದೆ. ಅವರು ಊರಿಗೆ ಮರಳಿದ ಮೇಲೆ ವೈಟ್‌ಬ್ರೆಕ್ಟನೊಡನೆ ಕೊಡಗಿನ ಬಗ್ಗೆ ಹೊರತಂದ ಜರ್ಮನ್ ಪುಸ್ತಕವಿದೆ. ರಿಕ್ಟರನ 1870ರ ಕೊಡಗು ಕೈಪಿಡಿಯಿದೆ. ಬಾಸೆಲ್‌ನ ದಫ್ತರದಲ್ಲಿ ಕೊಡಗಿನ ಪಾದ್ರಿಗಳ ಕಾಗದಗಳಿವೆ. ಇವನ್ನೆಲ್ಲ ಪಾದ್ರಿಯ ಮಹಿಮೆಗಾಗಿಯೋ ಪಾದ್ರಿಯ ದೋಷಕ್ಕಾಗಿಯೋ ಓದಿದವರುಂಟು. ಬಂದವರ ಹೆಸರುಗಳಿಗಾಗಿ, ಅವರು ಬಿಟ್ಟುಬಂದ ಮನೆಗಳಿಗಾಗಿ, ಅವರು ಆಡಿದ ಮಾತುಗಳಿಗಾಗಿ ಓದುವ ಕನ್ನಡ ಸಂಶೋಧಕನಿಗೆ ಆ ಕಾಗದಗಳು ಇನ್ನೂ ಕಾಯುತ್ತಿವೆ. ಜರ್ಮನ್ ಕಲಿಯಬೇಕಾದೀತು. ಹಳಗನ್ನಡ ಕಲಿಯಲು ಹಿಂಜರಿಯದವರಿಗೆ ಅದು ದೊಡ್ಡ ಮಾತಲ್ಲ.

2016ರ ಡಿಸೆಂಬರಿನಲ್ಲಿ, ಆನಂದಪುರದಿಂದ ಬಹಳ ದೂರವಲ್ಲದ ದಿಡ್ಡಳ್ಳಿಯ ಕಾಡಂಚಿನಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಯಂತ್ರಗಳು ನೆಲಸಮ ಮಾಡಿದವು. ಆ ಗುಡಿಸಲುಗಳಲ್ಲಿದ್ದವರು ಕಾಫಿ ತೋಟಗಳ ಲೈನುಮನೆಗಳಿಂದ ಎದ್ದುಬಂದವರು. ಲೈನುಮನೆಯ ನೆಲ ತೋಟದ ಮಾಲೀಕರದು, ಸಾಲದ ಪುಸ್ತಕವೂ ಅವರದೇ. ಜೀತ ಪದ್ಧತಿಯನ್ನು ರದ್ದುಪಡಿಸಿದ 1976ರ ಕಾನೂನು ಬಂದು ಆಗಲೇ ನಲವತ್ತು ವರ್ಷವಾಗಿತ್ತು. ಒಡೆಯನದಲ್ಲದ ಒಂದು ತುಂಡು ನೆಲ ಬೇಕೆಂದು ಅವರು ಕಾಡಿನಲ್ಲಿಯೇ ಕುಳಿತು ಹೋರಾಡಿದರು. ಕೆಲವು ತಿಂಗಳ ಬಳಿಕ ಬಂದ ಜುಲೈ 1ರಂದು ಎಂದಿನಂತೆ ಪತ್ರಿಕಾ ದಿನ ನಡೆಯಿತು.